ಫ್ರಾಂಕಾಳ ಅಡುಗೆಮನೆಯ ರೇಡಿಯೋ

ಮೊನ್ನೆ ಚಳಿಗಾಲದ ಬಟ್ಟೆಗಳ ಸೂಟ್‌ಕೇಸ್ ತೆಗೆದಾಗ ಮಗಳ ಹಳೆಯ ಉಣ್ಣೆ ಕೋಟಿನಿಂದ ಬೂಷ್ಟಿನ ವಾಸನೆ ಹೊಡೆಯಿತು. ಒಗೆದು ಮಡಿಸಿಟ್ಟ ಕೋಟು. ನೀವಾಗಿದ್ದರೆ ಮತ್ತೊಮ್ಮೆ ಒಗೆಯಲು ಹಾಕುತ್ತಿದ್ದಿರಿ. ನಾನು ಮೊದಲು ಗೋಡೆ ನೋಡಿದೆ, ಆಮೇಲೆ ಚಾವಣಿ ನೋಡಿದೆ, ಕೊನೆಗೆ ಕಪಾಟನ್ನು ಎಳೆದು ಅದರ ಹಿಂದೆ ಟಾರ್ಚ್ ಬಿಟ್ಟೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನುಷ್ಯರಲ್ಲಿ ಹುಡುಕುವುದಕ್ಕೆ ಸಂಬಳವಿಲ್ಲ, ಆದರೂ ಬಿಟ್ಟಿಲ್ಲ.

ಇಂಗ್ಲಿಷರ ನಾಡಿನ ಎಜ್‌ವೇರ್‌ನ ಈ ಫ್ಲ್ಯಾಟಿಗೆ ನಾವು ಬಂದದ್ದು ಮಾಲೀಕರು ನಮ್ಮವರು ಎಂಬ ಒಂದೇ ಕಾರಣಕ್ಕೆ. ಹತ್ತಿರದ ಕೆಂಟನ್‌ನಲ್ಲಿ ನೆಲೆಸಿರುವ ಮೈಸೂರಿನ ಡಾಕ್ಟರು. ಯುಗಾದಿಗೆ ಊಟಕ್ಕೆ ಕರೆದು ಒಬ್ಬಟ್ಟಿಗೆ ತಾವೇ ತುಪ್ಪ ಬಡಿಸಿದವರು. ಅಂಥವರಿಗೆ, ನಿಮ್ಮ ಗೋಡೆಯಲ್ಲಿ ನೀರು ಜಿನುಗುತ್ತಿದೆ, ಬೂಷ್ಟು ಹಬ್ಬುತ್ತಿದೆ, ನಮ್ಮ ಮಗುವಿಗೆ ಉಸಿರು ಕಟ್ಟುತ್ತಿದೆ ಎಂದು ಹೇಗೆ ಹೇಳುವುದು? ಎರಡು ವರ್ಷದ ಹಿಂದೆ ಒಮ್ಮೆ ಹೇಳಿದೆ. “ಕಿಟಕಿ ತೆಗೆದಿಡಿ ಅಮ್ಮಾ, ಗಾಳಿ ಆಡ್ಲಿ. ನೋಡೋಣ” ಎಂದರು. ಜನವರಿಯಲ್ಲಿ! ಮತ್ತೆ ಹೇಳಲು ನಾಲಿಗೆ ಏಳಲಿಲ್ಲ. ದಾಕ್ಷಿಣ್ಯ ಒಂದು ಕಡೆ, ಮನೆ ಬಿಡಿ ಎಂದರೆ ಎಂಬ ಭಯ ಇನ್ನೊಂದು ಕಡೆ. ಮಗಳು ಬಡಾವಣೆಯ ವೈದ್ಯೆ, ಅಂದರೆ ಜಿಪಿ, ಕೊಟ್ಟ ಇನ್‌ಹೇಲರ್ ಹಿಡಿದು ಶಾಲೆಗೆ ಹೋಗುತ್ತಿದ್ದಳು. ನಾನು ಬ್ಲೀಚ್ ಹಾಕಿ ಗೋಡೆ ಒರೆಸುತ್ತಿದ್ದೆ.

ಕೆಳಗಿನ ಫ್ಲ್ಯಾಟಿನಲ್ಲಿ ಫ್ರಾಂಕಾ ಎಂಬ ಇಟಲಿಯ ಮುದುಕಿ ಇದ್ದಾಳೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಮೈಕ್ ಇಟ್ಟುಕೊಂಡು ಇಂಟರ್ನೆಟ್ಟಿನಲ್ಲಿ ರೇಡಿಯೋ ನಡೆಸುತ್ತಾಳೆ. ಜಾಹೀರಾತಿಲ್ಲ, ಯಾರ ಅನುದಾನವೂ ಇಲ್ಲ. ನಮ್ಮ ಕಟ್ಟಡದವರು ಹೋಗಿ ಲಿಫ್ಟು ಕೆಟ್ಟದ್ದನ್ನೂ ಹೀಟಿಂಗ್ ನಿಂತದ್ದನ್ನೂ ಹೇಳಿಕೊಂಡು ಬರುತ್ತಾರೆ. ಲಾಭವಿಲ್ಲದೆ ಪರರ ಗೋಳು ಕೇಳುವವರು ಉಂಟೇ? ಇವಳು ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನ ಗೂಢಚಾರಿಣಿ ಇರಬಹುದು ಎಂದುಕೊಂಡೆ. ಅದು ಸುಳ್ಳೆಂದು ತೋರಿದ ಮೇಲೆ ಮಾಲೀಕರ ಗೂಢಚಾರಿಣಿ ಎಂದುಕೊಂಡೆ. ಮೆಟ್ಟಿಲಲ್ಲಿ ಅವಳು “ಮಗು ಹೇಗಿದ್ದಾಳೆ?” ಎಂದರೆ “ಫೈನ್, ಫೈನ್” ಎನ್ನುತ್ತಾ ಮೇಲೆ ಹತ್ತಿಬಿಡುತ್ತಿದ್ದೆ.

ಆ ಚಳಿಗಾಲ ಧಾರವಾಡದಿಂದ ನಮ್ಮ ಅತ್ತೆ ಬಂದಿದ್ದರು. ಅತ್ತೆಗೆ ಇಂಗ್ಲಿಷ್ ಬಾರದು, ಫ್ರಾಂಕಾಳಿಗೆ ಕನ್ನಡದ ಗಂಧವಿಲ್ಲ. ಆದರೂ ಇಬ್ಬರೂ ಬದನೆಕಾಯಿ ಹೆಚ್ಚುತ್ತಾ ಗಂಟೆಗಟ್ಟಲೆ ಕೂರುತ್ತಿದ್ದರು. ಅದೂ ನನಗೆ ಅನುಮಾನವೇ. ಒಂದು ಶನಿವಾರ ಅತ್ತೆ ತಣ್ಣಗೆ ಹೇಳಿದರು: “ನಾಳಿ ಆಕಿ ರೇಡಿಯೋದಾಗ ನಾ ಮಾತಾಡಾಕಿ ಅದೀನಿ.”

ನಾನು ಮೆಟ್ಟಿಲಿಳಿದು ಓಡಿದೆ. ಮೊದಲು ರೆಕಾರ್ಡ್ ಮಾಡು, ನಾನು ಕೇಳಿ ಒಪ್ಪಿದ ಮೇಲೆ ಪ್ರಸಾರ ಮಾಡು ಎಂದೆ. ಫ್ರಾಂಕಾ ಒಪ್ಪಲಿಲ್ಲ. “ಮೊದಲು ಯಾರೋ ಕೇಳಿ ಒಪ್ಪಬೇಕು ಅಂದರೆ ಅದು ರೇಡಿಯೋ ಅಲ್ಲ, ಪೊಲೀಸ್ ಠಾಣೆ” ಎಂದು ಕಾಫಿ ಬಗ್ಗಿಸಿ ಕೊಟ್ಟಳು. ಕುಡಿಯಲೋ ಬೇಡವೋ ಎಂದು ನೋಡುತ್ತಾ ಕುಳಿತೆ.

ಅವಳು ತನ್ನ ಕಥೆ ಶುರುಮಾಡಿದಳು. ಅವಳ ಅಪ್ಪ ಇಟಲಿಯ ದಕ್ಷಿಣದ ಹಳ್ಳಿಯಿಂದ ಉತ್ತರದ ಕಾರ್ಖಾನೆ ಊರಿಗೆ ಸಂಸಾರ ಕಟ್ಟಿಕೊಂಡು ಹೋದವನಂತೆ. ದಕ್ಷಿಣದವರಿಗೆ ಅಲ್ಲಿ ಯಾರೂ ಮನೆ ಕೊಡುತ್ತಿರಲಿಲ್ಲ. ಕೊಟ್ಟವನು ಅವರ ಹಳ್ಳಿಯವನೇ, ಇವಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತು ಬಂಧುವೇ ಆದವನು. ಗೋಡೆ ಒದ್ದೆ, ತಮ್ಮನಿಗೆ ಕೆಮ್ಮು, ಅಮ್ಮನ ಬಾಯಿಗೆ ಬೀಗ. ಆಗಲೇ ಅಲ್ಲಿನ ಹುಡುಗ ಹುಡುಗಿಯರು ಮಾಳಿಗೆಗಳ ಮೇಲೆ ಏರಿಯಲ್ ನೆಟ್ಟು ತಮ್ಮದೇ ರೇಡಿಯೋ ಶುರುಮಾಡಿದರಂತೆ. ಫೋನ್ ಮಾಡಿದವರ ಮಾತು ಸೋಸದೆ ನೇರ ಗಾಳಿಗೆ. ಹೆಂಗಸರು ಒಲೆ ಮುಂದೆ ನಿಂತೇ ಮಾತಾಡುತ್ತಿದ್ದರು. ಒಂದು ದಿನ ಇವಳಮ್ಮನೂ ಮಾತಾಡಿದಳು.

“ಆಮೇಲೆ?”

“ಗೋಡೆ ಒಣಗಿತು. ಆತ ನಮ್ಮಕ್ಕನ ಮದುವೆಗೆ ಬರಲಿಲ್ಲ.”

ನಮ್ಮ ಕಥೆಗೆ ಇಷ್ಟು ಚೆನ್ನಾಗಿ ಹೊಂದುವ ಕಥೆ ಅವಳ ಬಳಿ ಸಿದ್ಧವಾಗಿದ್ದದ್ದು ನನ್ನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ಕಾಫಿ ಮಾತ್ರ ಚೆನ್ನಾಗಿತ್ತು.

ಭಾನುವಾರ ನಾನು ಆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಅತ್ತೆ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಕೂತರು. “ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಿಮ್ಮ ಮನಿ ಹೋಳಿಗಿ ಭಾಳ ಛಲೋ ಇರ್ತದಂತ, ನಮ್ಮ ಸೊಸಿ ಹೇಳ್ತಾಳ. ಆದ್ರ ನಿಮ್ಮ ಈ ಮನಿ ಗ್ವಾಡಿ ಛಲೋ ಇಲ್ರಿ. ನೀವು ಹೇಳಿದಂಗ ಕಿಟಕಿ ತಗದೀವಿ. ಥಂಡಿ ಒಳಗ ಬಂತು, ಬೂಷ್ಟು ಹೊರಗ ಹೋಗ್ಲಿಲ್ಲ. ನಮ್ಮ ಮೊಮ್ಮಗಳು ಎದ್ದು ಕುಂತು ಉಸರು ಹುಡಕ್ತಾಳ. ನೀವಽ ಡಾಕ್ಟರ್ರು, ನಿಮಗ ನಾ ಏನು ಹೇಳ್ಲಿ? ಒಮ್ಮೆ ಬಂದು ಗ್ವಾಡಿ ಮುಟ್ಟಿ ನೋಡ್ರಿ.” ಫ್ರಾಂಕಾ ಒಂದಕ್ಷರ ಅರ್ಥವಾಗದಿದ್ದರೂ ಕೊನೆಯವರೆಗೂ ಮಿಸುಕಲಿಲ್ಲ.

ಮೇಲೆ ಬಂದ ಮೇಲೆ, ಸದ್ಯ, ಕನ್ನಡದಲ್ಲಿ ಆಡಿದಿರಿ, ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದೆ.

“ಅವರಿಗೆ ತಿಳೀತದಲ್ಲ? ಕೇಳ್ರಿ ಅಂತ ನಾನಽ ಫೋನ್ ಮಾಡಿ ಹೇಳೀನಿ” ಎಂದರು ಅತ್ತೆ.

ಊರಿನವರನ್ನೆಲ್ಲ ಶಂಕಿಸಿದವಳು ಅತ್ತೆಯೊಬ್ಬರನ್ನು ಬಿಟ್ಟಿದ್ದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದೆ.

“ಫೋನಿನ್ಯಾಗ ಹೇಳಿದ್ರ ನಡುವ ಬಾಯಿ ಹಾಕಿ ‘ನೋಡೋಣ’ ಅಂತಾರ. ರೇಡಿಯೋದಾಗ ಸುಮ್ಮ ಕೇಳಬೇಕಾಗ್ತದ. ಇಂಗ್ಲಿಷ್‌ನ್ಯಾಗ ಹೇಳಸಿದ್ರ ಮಂದಿ ಮುಂದ ಅವರ ಮಾನ ಹೋಗ್ತಿತ್ತು. ಕನ್ನಡದಾಗ ಅವರಿಗಷ್ಟಽ ಮುಟ್ಟತದ.”

ಆ ವಾರ ಡಾಕ್ಟರು ಬಂದರು. ಗೋಡೆ ಮುಟ್ಟಿದರು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು, ಕಾಫಿ ಬೇಡ ಎಂದರು. ಆಳುಗಳು ಬಂದು ಗಾರೆ ಕಿತ್ತು ಹೊಸದಾಗಿ ಮಾಡಿದರು. ಮುಂದಿನ ಯುಗಾದಿಗೆ ಕರೆ ಬರಲಿಲ್ಲ. ನನಗೆ ತುಂಬ ನೋವಾಯಿತು, ಸುಳ್ಳೇಕೆ ಹೇಳಲಿ. ಊರಿಗೆ ಮರಳಿದ್ದ ಅತ್ತೆಗೆ ಫೋನಿನಲ್ಲಿ ಹೇಳಿಕೊಂಡೆ. “ಅವರು ಮಾತು ಬಿಟ್ರ ಬಿಡ್ಲಿ. ಹುಡುಗಿ ಉಸರಾಡ್ಲಿಕತ್ತಾಳಿಲ್ಲೊ?” ಎಂದರು.

ಮೊನ್ನೆ ಕಪಾಟಿನ ಹಿಂದೆ ಗೋಡೆ ಒಣಗಿಯೇ ಇತ್ತು, ಕೋಟಿನಲ್ಲಿ ಉಳಿದದ್ದು ಹಳೆಯ ವಾಸನೆ. ಕೋಟನ್ನು ಬಿಸಿಲಿಗೆ ಹಾಕಿ, ನಮ್ಮವರ ಅಂಗಡಿಗಳಿರುವ ಸೌತ್‌ಹಾಲ್‌ಗೆ ತರಕಾರಿಗೆ ಹೋದೆ. ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಹೊಸದಾಗಿ ಬಂದ ಬೆಂಗಳೂರಿನ ಹುಡುಗಿಯೊಬ್ಬಳು ಪರಿಚಯ ಮಾಡಿಕೊಂಡಳು. ಇರುವುದು ಅದೇ ಡಾಕ್ಟರ ಇನ್ನೊಂದು ಮನೆಯಲ್ಲಿ. ನನ್ನ ಕಟ್ಟಡ ಯಾವುದೆಂದು ಕೇಳಿ ತಿಳಿದು, ಸುತ್ತ ನೋಡಿ ಪಿಸುಗುಟ್ಟಿದಳು: “ಅಕ್ಕಾ, ಬಾತ್‌ರೂಮ್ ಸೀಲಿಂಗ್ ಕಳಚಿ ಬೀಳ್ತಿದೆ. ಅವ್ರಿಗೆ ಹೇಳಕ್ಕೆ ಸಂಕೋಚ. ನಿಮ್ ಬಿಲ್ಡಿಂಗಲ್ಲಿ ಯಾವ್ದೋ ರೇಡಿಯೋ ಇದ್ಯಂತಲ್ಲ, ಅವ್ರನ್ನ ನಂಬಬಹುದಾ?”

ಇವಳನ್ನು ಡಾಕ್ಟರೇ ಕಳಿಸಿರಬಹುದೇ ಎಂಬುದು ನನಗೆ ಹೊಳೆದ ಮೊದಲ ಪ್ರಶ್ನೆ. ಕಳಿಸಿದ್ದರೆ ಕಳಿಸಿರಲಿ ಎಂಬುದು ಎರಡನೆಯದು.

“ಭಾನುವಾರ ಬಾಮ್ಮಾ. ಬರೋ ಮೊದ್ಲು ಡಾಕ್ಟ್ರಿಗೊಂದು ಫೋನ್ ಮಾಡಿ, ರೇಡಿಯೋ ಕೇಳಿ ಅಂತ ಹೇಳ್ಬಿಡು. ನಾನು ನಿನ್ ಪಕ್ಕದಲ್ಲೇ ಕೂತಿರ್ತೀನಿ” ಎಂದೆ.