ಕಾಡಿನೊಳಗೊಂದು ಉಧೋ

ಬೈಲಹೊಂಗಲದ ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಯಾವುದು, ಜೀರಿಗೆ ಡಬ್ಬಿ ಯಾವುದು ಎಂಬುದನ್ನು ನಾನೀಗ ನೋಡಿ ಅಲ್ಲ, ಅಲ್ಲಾಡಿಸಿ ಸದ್ದು ಕೇಳಿ ಗುರುತಿಸುತ್ತೇನೆ. ಗ್ಲಾಕೋಮಾ. ಹೋದ ನೋಟ ಮರಳಿ ಬಾರದು, ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಉಳಿದ ನೋಟದಲ್ಲಿ ಏನು ನೋಡುವುದು? ಮಿತ್ರರೇ, ನೀವಾದರೆ ಕಾಶಿ ಎನ್ನುತ್ತಿದ್ದಿರೇನೋ. ನನಗೆ ನೆನಪಾದದ್ದು ಕಾನ್ವೆಂಟಿನ ಗೋಡೆಯ ಚಾರ್ಟಿನಲ್ಲಿ ಎಚ್ ಅಕ್ಷರದ ಪಕ್ಕ ಕೂತಿದ್ದ ಹಾರ್ನ್‌ಬಿಲ್. ಅರ್ಧ ಮೈಯೆಲ್ಲ ಕೊಕ್ಕು, ಕೊಕ್ಕಿನ ಮೇಲೆ ಮತ್ತೊಂದು ಕೊಕ್ಕು! ಇಂಥದೊಂದು ಹಕ್ಕಿ ನಿಜಕ್ಕೂ ಇದೆಯೇ ಎಂಬ ಡೌಟು ನನ್ನದು, ಎಪ್ಪತ್ತು ವರ್ಷಗಳಷ್ಟು ಹಳೆಯದು.

ಹಾಗಾಗಿ ದಾಂಡೇಲಿ ದಾಟಿ, ಫೋನಿನ ಸಿಗ್ನಲ್ಲೂ ಕೈಬಿಟ್ಟ ಮೇಲೆ ಶುರುವಾಗುವ ನ್ಯಾಷನಲ್ ಪಾರ್ಕಿಗೆ ಹೊರಟೆ. ಜೊತೆಗೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಗಂಗವ್ವ, ಸವದತ್ತಿಯ ಮಗಳು. ಎಲ್ಲಮ್ಮನ ಗುಡ್ಡ ಕಂಡೊಡನೆ ಬಸ್ಸಿಗೆ ಬಸ್ಸೇ "ಉಧೋ ಉಧೋ" ಎಂದು ದೇವಿಗೆ ಜೈಕಾರ ಹಾಕುವ ಸೀಮೆಯವಳು. ದೊಡ್ಡದೇನು ಕಂಡರೂ ಅವಳ ಬಾಯಿಂದ ಹೊರಡುವುದು ಅದೇ. ನನ್ನ ಮಗನ ಹೊಸ ಟ್ರ್ಯಾಕ್ಟರಿಗೂ ಅಂದವಳು.

"ಮಾತು ಬ್ಯಾಡ್ರಿ ಅಮ್ಮಾ, ಉಸಿರೂ ಸಾವಕಾಶ ಬಿಡ್ರಿ," ಎಂದ ಸಫಾರಿ ಜೀಪಿನ ಗೈಡು. ನಾನು ಸೈಲೆನ್ಸನ್ನು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತವಳು, ನನಗದು ಕಷ್ಟವಲ್ಲ. ಹಸಿರಿನ ಮೇಲೆ ಹಸಿರು ಹೊದ್ದ ದಾರಿಯಲ್ಲಿ ಸಾಗಿದ ಜೀಪು ಒಂದು ಅತ್ತಿಮರದ ಕೆಳಗೆ ನಿಂತಿತು. "ಅಗಾ, ಆ ಟೊಂಗಿ ಮ್ಯಾಲ, ಮಂಗಟ್ಟೆ!" ನನ್ನ ಹಾರ್ನ್‌ಬಿಲ್ಲಿಗೆ ಇಷ್ಟು ಚೆಂದದ ಹೆಸರಿರುವುದು ಅಂದೇ ತಿಳಿಯಿತು.

ಎಲ್ಲರೂ ಕಂಡರು. ನನಗೆ ಎಲೆ, ನೆರಳು, ಮತ್ತೆ ಎಲೆ. ಕತ್ತು ಹೊರಳಿಸಿದೆ, ಕನ್ನಡಕ ಒರೆಸಿದೆ. ಹತ್ತು ಮಾರು ದೂರದಲ್ಲಿ ಅದು ಕೂತಿತ್ತು, ನನ್ನ ಪಾಲಿಗೆ ಇರಲಿಲ್ಲ.

"ಕಾಣಸ್ತೇನ್ರಿ ಅಕ್ಕಾ?" ಗಂಗವ್ವನ ಪಿಸುದನಿ.

"ಹೂಂ," ಎಂದೆ.

ಹಕ್ಕಿ ಆಗ ಕೊಕ್ಕು ತಿರುಗಿಸಿರಬೇಕು. ಗಂಗವ್ವ ಧಡಕ್ಕನೆ ಎದ್ದು ನಿಂತು ಕೂಗಿಯೇಬಿಟ್ಟಳು: "ಉಧೋ! ಉಧೋ ನನ್ನವ್ವಾ!"

ಗೈಡು ಹಣೆ ಬಡಿದುಕೊಂಡ. ಎಲೆಗಳು ಚೆದರಿ, ಹಕ್ಕಿ ಬಯಲಿನ ಬೆಳಕಿಗೆ ಬಂತು. ಕಮ್ಮಾರನ ತಿದಿ ಒತ್ತಿದಂಥ ಸದ್ದು ಮಾಡುವ ರೆಕ್ಕೆ, ಕಪ್ಪಿನ ನಡುವೆ ಬಿಳಿಯ ಪಟ್ಟೆ, ಅರಿಸಿನ ಬಳಿದಂಥ ಕೊಕ್ಕು. ನಮ್ಮ ತಲೆಯ ಮೇಲಿನ ಆಕಾಶದ ತುಂಬ ಅದೊಂದೇ. ಕಾಡು ಮೌನಕ್ಕೆ ಮಾತ್ರ ಒಲಿಯುತ್ತದೆಂದು ನಂಬಿ ಬದುಕಿದವಳು ನಾನು, ಬಾಯಿ ತೆರೆದು ನೋಡಿದೆ.

"ಎಲ್ಲಾ ಕೆಡಿಸಿದ್ರಿ ಅಮ್ಮಾ!" ಎಂದ ಗೈಡು.

ಗಂಗವ್ವ ಸೆರಗು ಬಾಯಿಗಿಟ್ಟುಕೊಂಡಳು. "ತಪ್ಪಾತ್ರಿ ಅಕ್ಕಾ. ನಿಮ್ಮ ಹಕ್ಕಿ ಹಾರಿಸಿಬಿಟ್ಟೆ."

"ಹುಚ್ಚಿ," ಅವಳ ಕೈ ಹಿಡಿದೆ, "ಕೂತಾಗ ನನಗ ಕಂಡಽ ಇರಲಿಲ್ಲ. ಸುಳ್ಳು ಹೇಳಿದ್ದೆ. ನೀ ಹಾರಿಸಿದ್ದಕ್ಕ ನೋಡಿದೆ."

ಅವಳು ಮೂಗು ಒರೆಸಿಕೊಂಡು, ಗೈಡಿನ ಕಡೆ ತಿರುಗಿದಳು.

"ಏನಪಾ, ಹುಲಿ ಎಲ್ಲಿ ಕೂತಿರತದ, ಅಷ್ಟು ಹೇಳು. ನಮ್ಮ ಅಕ್ಕಾರಿಗೆ ನಾ ತೋರಸ್ತೇನಿ."