ಕೆಂಪು ಗೆರೆ ಎಳೆದಿದ್ದ ಸಾಲು

ಶಿವಮೊಗ್ಗದಲ್ಲಿ ನಾನು ನರ್ಸಿಂಗ್ ಓದುವಾಗ ಹೊಸ ಪುಸ್ತಕ ಕೊಳ್ಳುವ ರೂಢಿಯೇ ಇರಲಿಲ್ಲ. ಸೀನಿಯರ್ ಓದಿದ್ದು ಜೂನಿಯರಿಗೆ. ನರ್ಸಿಂಗ್ ಚರಿತ್ರೆಯ ಪುಸ್ತಕ ಎಷ್ಟು ಕೈ ದಾಟಿ ಬಂದಿತ್ತೋ, ರಟ್ಟು ಕಿತ್ತುಹೋಗಿ ಕ್ಯಾಲೆಂಡರ್ ಹಾಳೆಯ ಹೊದಿಕೆ ಬಿದ್ದಿತ್ತು. ಪರೀಕ್ಷೆಗೆ ಬರುವ ಸಾಲುಗಳ ಕೆಳಗೆ ಯಾರೋ ಪುಣ್ಯಾತ್ಗಿತ್ತಿ ಕೆಂಪು ಗೆರೆ ಎಳೆದಿದ್ದಳು. ಗೆರೆ ಇದ್ದದ್ದನ್ನು ಉರು ಹೊಡೆಯುವುದು, ಇಲ್ಲದ್ದನ್ನು ಹಾರಿಸುವುದು. ಎಲ್ಲರೂ ಪಾಸಾಗುತ್ತಿದ್ದದ್ದು ಹಾಗೆಯೇ.

ಆ ಪುಸ್ತಕದ ಪ್ರಕಾರ ನರ್ಸಿಂಗ್ ಅನ್ನುವುದು ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದು. ಅದಕ್ಕೆ ಮೊದಲಿದ್ದ ಸೂಲಗಿತ್ತಿಯರಿಗೆ ಒಂದೇ ಪ್ಯಾರಾ. ಕೊಳಕರು, ಮೂಢರು, ಬಾಣಂತಿಯರ ಸಾವಿಗೆ ಕಾರಣರು ಎಂದಿತ್ತು. ಅದಕ್ಕೆ ಎರಡೆರಡು ಗೆರೆ. ಹೊಳೆಹೊನ್ನೂರಿನ ನನ್ನ ಅಜ್ಜಿಯೂ ಸೂಲಗಿತ್ತಿ. ಆದರೆ ಇಂಗ್ಲಿಷಿನಲ್ಲಿ ಉರು ಹೊಡೆಯುವಾಗ ಅದು ಬೇರೆ ಯಾರದೋ ವಿಷಯ ಅನ್ನಿಸುತ್ತಿತ್ತು.

ಮೊದಲ ವರ್ಷದ ವೈವಾ, ಅಂದರೆ ಮೌಖಿಕ ಪರೀಕ್ಷೆ ಬಂತು. "ಫೇಲಾದ್ರೆ ಸೀದಾ ಮನೆಗೆ ಬಾ, ಗಂಡು ನೋಡ್ತೀನಿ" ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅವರ ಮಾತು ಅಂದರೆ ಮಾತೇ. ಆ ದಿನ ಅವರಿಗೆ ಭದ್ರಾವತಿಯಲ್ಲಿ ಫ್ಯಾಕ್ಟರಿ ಶಿಫ್ಟು. ಹಾಗಾಗಿ ಅಲ್ಲಿನ ಓಲ್ಡ್ ಟೌನಿನ ನಮ್ಮ ಮನೆಗೆ ಬಂದಿದ್ದ ಅಜ್ಜಿಯೇ ನನ್ನ ಜೊತೆ ಬಸ್ಸು ಹತ್ತಿದಳು. ಪರೀಕ್ಷೆಯ ಕೋಣೆಯ ಬಾಗಿಲಿಗೆ ಚಿಲಕ ಕೂರದೆ ಅದು ಅರ್ಧ ತೆರೆದೇ ಇತ್ತು. ಹೊರಗಿನ ಬೆಂಚಿನ ಮೇಲೆ ಅಜ್ಜಿಯ ಮೊಣಕಾಲು ನನಗೆ ಕಾಣುತ್ತಿತ್ತು.

ಪರೀಕ್ಷಕಿ ಸೂಲಗಿತ್ತಿಯರ ಬಗ್ಗೆಯೇ ಕೇಳಿದರು. ಉರು ಹೊಡೆದದ್ದು ನಾಲಿಗೆಯ ತುದಿಗೆ ಬಂತು. ಇಂಗ್ಲಿಷಿನಲ್ಲಿ ಎರಡು ಪದ ಹೇಳಿ ತೊದಲಿದೆ.

ಅವರಿಗೆ ಅಯ್ಯೋ ಅನ್ನಿಸಿರಬೇಕು. "ಗಾಬರಿ ಬೇಡಮ್ಮ. ಕನ್ನಡದಲ್ಲೇ ಹೇಳು. ಜೋರಾಗಿ ಹೇಳು" ಎಂದರು.

ಕನ್ನಡದಲ್ಲಿ ಹೇಳಿದರೆ ಅದು ಬೆಂಚಿನವರೆಗೂ ಹೋಗುತ್ತದೆ. ಹೇಳದಿದ್ದರೆ ಓದು ಅಲ್ಲಿಗೇ ಮುಗಿಯುತ್ತದೆ. ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು. ಹೊರಗೆ ಮೊಣಕಾಲು ಸ್ವಲ್ಪ ಮುಂದಕ್ಕೆ ಸರಿಯಿತು. ಮೊಮ್ಮಗಳು ಏನು ಹೇಳುತ್ತಾಳೋ ಎಂದು ಅಜ್ಜಿ ಕಿವಿಗೊಟ್ಟಿದ್ದಳು.

"ಪುಸ್ತಕದಲ್ಲಿ ಏನಿದೆ, ಗೊತ್ತಿಲ್ವಾ?"

ನನಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಬಂತು. "ಗೊತ್ತು ಮೇಡಂ. ಬೈದಿದಾರೆ. ನನ್ನನ್ನ ಮೊದಲು ಕೈಗೆ ತಗೊಂಡ ಸೂಲಗಿತ್ತಿ ಹೊರಗೆ ಕೂತಿದಾರೆ. ನಾನು ಹೇಳಲ್ಲ."

ಅವರು ಬಾಗಿಲ ಕಡೆ ನೋಡಿದರು. ಏನೋ ಬರೆದರು. "ಹೋಗು" ಎಂದರು.

ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಅಜ್ಜಿ, "ಅಲ್ಲ ಮಾರಾಯ್ತಿ, ಆ ಪುಸ್ತಕ ಬರೆದೋರ ಹೆರಿಗೆ ಯಾರು ಮಾಡಿಸಿದ್ರಂತೆ?" ಎಂದಳು. ಅಳುತ್ತಲೇ ನಕ್ಕೆ. ಫಲಿತಾಂಶ ಬಂದಾಗ ಆ ವಿಷಯದಲ್ಲಿ ಕೂದಲೆಳೆಯಲ್ಲಿ ಪಾಸಾಗಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಅದೇ ವಿಷಯ ಕಲಿಸಲು ನಿಂತೆ. ಅಜ್ಜಿ ಆಗ ಇರಲಿಲ್ಲ. ಕೈಗೆ ಬಂದದ್ದು ಬಣ್ಣದ ರಟ್ಟಿನ ಹೊಸ ಪುಸ್ತಕ. ಮೊದಲು ಆ ಪುಟ ಹುಡುಕಿದೆ. ಬೈಗುಳದ ಪ್ಯಾರಾ ಪೂರ್ತಿ ಹೋಗಿತ್ತು. ಹಿಂದೆ ಹೆರಿಗೆಗಳು ಮನೆಯಲ್ಲಿಯೇ ಆಗುತ್ತಿದ್ದವು ಎಂಬ ಒಂದು ಸಾಲು ಮಾತ್ರ ಇತ್ತು, ತಾವಾಗಿಯೇ ಆಗುತ್ತಿದ್ದವೇನೋ ಎಂಬಂತೆ. ಹಳೆಯದರಲ್ಲಿ ಅಜ್ಜಿ ಬೈಸಿಕೊಂಡಾದರೂ ಇದ್ದಳು.

ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ ಆ ಸಾಲಿಗೆ ಕೆಂಪು ಗೆರೆ ಎಳೆಯಲು ಸ್ಕೇಲು ಇಟ್ಟಿದ್ದಳು. ನಾನು ಹೋಗಿ ಅವಳ ಕೈ ಹಿಡಿದೆ.

"ತಡಿಯೇ" ಎಂದೆ. "ಅಲ್ಲಿ ಒಬ್ಬರನ್ನ ಬಿಟ್ಟಿದಾರೆ."