ಅಕ್ಕ ಹಾಡುತ್ತಿದ್ದ ಸಾಲುಗಳು

"ಅಮ್ಮಾ, ಹೊಲಿಗೆ ಚಿಕ್ಕಮ್ಮ ಹಾಡ್ತಾ ಹಾಡ್ತಾ ಮಧ್ಯದಲ್ಲಿ ಯಾಕೆ ಸುಮ್ಮನಾಗ್ತಾರೆ?"

ಹಾಡಿನ ಅಭ್ಯಾಸ ಮುಗಿಸಿ ಮಗಳ ಕೈ ಹಿಡಿದು ಮನೆಗೆ ಬರುತ್ತಿದ್ದೆ. ಒಂದು ಕೈಯಲ್ಲಿ ಅವಳು, ಇನ್ನೊಂದರಲ್ಲಿ ನೀರಿನ ಬಾಟಲಿ, ಹಾಡಿನ ಹಾಳೆಗಳ ಫೈಲು, ಸೆಖೆ ಎಂದು ಅವಳು ಬಿಚ್ಚಿ ಕೊಟ್ಟಿದ್ದ ಸ್ವೆಟರು. ಐದು ವರ್ಷದವರ ಪ್ರಶ್ನೆಗಳಿಗೆ ಬಾಯಿಗೆ ಬಂದ ಉತ್ತರ ಕೊಟ್ಟು ಮುಂದೆ ನಡೆಯುವುದು ನನ್ನ ರೂಢಿ. "ಉಸಿರು ತಗೊಳ್ತಾರೆ ಪುಟ್ಟಾ" ಎಂದೆ.

"ಅಷ್ಟು ಹೊತ್ತಾ? ನಾನು ಎಣಿಸಿದೆ. ಏಳು ಆದ್ರೂ ಹಾಡಲೇ ಇಲ್ಲ. ಬಾಯಿ ಮಾತ್ರ ಸ್ವಲ್ಪ ತೆಗೆದಿದ್ರು."

ನಾನು ಚಿಕ್ಕಮ್ಮನ ಭುಜಕ್ಕೆ ಭುಜ ತಾಗಿಸಿ ನಿಂತು ಹಾಡುವವಳು. ನನಗೆ ಕಾಣದ್ದು ಎದುರಿನ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತವಳಿಗೆ ಕಂಡಿತ್ತು. ನಾನೋ ಹೊಸಬಳು, ನನ್ನ ಸ್ವರ ಹುಡುಕಿಕೊಳ್ಳುವುದರಲ್ಲೇ ಮುಳುಗಿರುತ್ತಿದ್ದೆ.

ನಮ್ಮ ಕಟ್ಟಡದ ಮೆಟ್ಟಿಲಿನ ಅಡಿಗೆ ಸೇರಿಕೊಂಡಂತೆ ಒಂದು ಚಿಕ್ಕ ಅಂಗಡಿಯಿದೆ. ಅಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಕೂರಿಸುವುದು, ಹೀಗೆ ಬೇರೆಯವರು ಹೊಲಿದದ್ದನ್ನು ರಿಪೇರಿ ಮಾಡುವ ಕೆಲಸ. ಇಪ್ಪತ್ತಾರು ವರ್ಷ ಅದನ್ನು ಇಬ್ಬರು ಅಕ್ಕತಂಗಿಯರು ನಡೆಸಿದರು. ಬೀದಿಗೆಲ್ಲ ಅವರು ದೊಡ್ಡಮ್ಮ, ಚಿಕ್ಕಮ್ಮ. ಇಬ್ಬರೂ ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ದೊಡ್ಡಮ್ಮ ಮುಂದಿನ ಮೇಜಿನಲ್ಲಿ ಕೂತು ಅಳತೆ ತೆಗೆದು, ಚೀಟಿ ಬರೆದು, ಅದನ್ನು ಬಟ್ಟೆಗೆ ಪಿನ್ನು ಮಾಡಿ ಒಳಗೆ ಎಸೆಯುತ್ತಿದ್ದರು. ಅವರಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಆದರೆ "ನಾಳೇನೇ ಬೇಕು" ಎನ್ನುವ ಗಿರಾಕಿಯನ್ನು "ನಾಳೆ ಬೇಕಿದ್ರೆ ನಿನ್ನೆ ಬರಬೇಕಿತ್ತು" ಎಂದು ವಾಪಸು ಕಳಿಸಲು ಅವರೇ ಬೇಕು. ಚಿಕ್ಕಮ್ಮನದು ಮಷೀನಿನ ಹಿಂದಿನ ಬಗ್ಗಿದ ಬೆನ್ನು, ಬಾಯಲ್ಲಿ ಕಚ್ಚಿಕೊಂಡ ಎರಡು ಗುಂಡುಸೂಜಿ.

ಹೋದ ವರ್ಷ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ ದೊಡ್ಡಮ್ಮ ಹದಿನೇಳನೆಯ ದಿನ ತೀರಿಕೊಂಡರು. ಎರಡು ವಾರ ಅಂಗಡಿಯ ಷಟರು ಎಳೆದೇ ಇತ್ತು. ಆಮೇಲೆ ಚಿಕ್ಕಮ್ಮ ಮಷೀನನ್ನು ಮುಂದಕ್ಕೆ ತಂದು, ಮೇಜನ್ನು ಗೋಡೆಗೆ ಒತ್ತಿ, ಎರಡೂ ಕೆಲಸಕ್ಕೆ ಒಬ್ಬರೇ ಕೂತರು. ಯಾರು ಯಾವಾಗ ಬೇಕೆಂದರೂ "ಆಗಲಿ" ಎನ್ನುತ್ತಿದ್ದರು. ಕೊಟ್ಟ ದಿನಕ್ಕೆ ಯಾವುದೂ ಮುಗಿಯುತ್ತಿರಲಿಲ್ಲ.

ಅವರನ್ನು ಹಾಡಿಗೆ ವಾಪಸು ಎಳೆದುಕೊಂಡು ಹೋದವಳು ನಾನೇ. ಹಳೆಯ ಪ್ಯಾಂಟೊಂದನ್ನು ಹಿಡಿದು ಅಂಗಡಿಗೆ ಹೋಗಿದ್ದೆ. "ಚಿಕ್ಕಮ್ಮಾ, ಸೊಂಟ ಎರಡಿಂಚು ಬಿಡಿಸ್ತೀರಾ?"

ಅವರು ಪ್ಯಾಂಟಿನ ಒಳಮೈ ತಿರುಗಿಸಿ ನೋಡಿದರು. "ಒಳಗಿರೋದು ಒಂದೂವರೆ ಇಂಚು. ಮಿಕ್ಕ ಅರ್ಧ ಇಂಚು ನೀನೇ ಕರಗಿಸ್ಕೋ."

ಗೋಡೆಯ ಮೇಲೆ ಬೀದಿಯ ಹಾಡಿನ ಗುಂಪಿನ ಕಾಗದ ಅಂಟಿಸಿತ್ತು. ಗುರುವಾರ ಸಂಜೆ, ಗ್ರಂಥಾಲಯದ ಮಹಡಿಯಲ್ಲಿ, ಹಾಡಲು ಬರದವರೂ ಬರಬಹುದು ಎಂದು ಬರೆದಿತ್ತು. ಅಕ್ಕತಂಗಿಯರು ಹತ್ತೊಂಬತ್ತು ವರ್ಷ ಆ ಗುಂಪಿನಲ್ಲಿ ಹಾಡಿದ್ದರೆಂದು ಬೀದಿಗೆಲ್ಲ ಗೊತ್ತು. "ನನಗೂ ಹೋಗ್ಬೇಕು ಅನ್ಸುತ್ತೆ. ಸ್ಕೂಲಲ್ಲಿ ಹಾಡ್ತಿದ್ದೆ. ಒಬ್ಬಳೇ ಹೋಗೋಕೆ ನಾಚಿಕೆ. ನೀವು ಬಂದ್ರೆ ಬರ್ತೀನಿ" ಎಂದೆ.

"ನಾನಾ? ಬಾಯಿ ತೆಗೆದು ಹನ್ನೊಂದು ತಿಂಗಳಾಯ್ತು."

"ನಾನು ತೆಗೆದು ಹನ್ನೊಂದು ವರ್ಷ ಆಯ್ತು. ನಿಮಗಿಂತ ಕೆಟ್ಟದಾಗಿ ಹಾಡೋಳು ಪಕ್ಕದಲ್ಲಿ ಇರ್ತೀನಲ್ಲ, ಧೈರ್ಯ ಬರುತ್ತೆ."

ಅವರು ಸೊಂಟದ ಹೊಲಿಗೆ ಬಿಚ್ಚುತ್ತಲೇ ಇದ್ದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು. "ಆರೂವರೆಗೆ. ತಡ ಆದ್ರೆ ಮೇಷ್ಟ್ರು ಎಲ್ಲರೆದುರಿಗೇ ಬೈತಾರೆ."

ಮೇಷ್ಟ್ರು ಎಂದರೆ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗುಂಪಿನಲ್ಲಿ ಒಟ್ಟು ಹದಿನೆಂಟು ಜನ. ಮೇಲಿನ ದನಿಯವರು ಒಂದು ಕಡೆ, ಗಂಡಸರು ಹಿಂದೆ, ತಗ್ಗು ದನಿಯವರು ಕಿಟಕಿಯ ಪಕ್ಕ. ತಗ್ಗು ದನಿಯವರು ನಾವು ಐದೇ ಜನ, ಆ ಕೊನೆಗೆ ನಿಲ್ಲುವ ನರ್ಸಮ್ಮನೂ ಸೇರಿ. ಮೇಷ್ಟ್ರ ಪದ್ಧತಿಯೊಂದಿದೆ. ಉದ್ದದ ಸಾಲು ಎಲ್ಲೂ ಮುರಿಯಬಾರದು, ಆದರೆ ಉಸಿರು ಎಲ್ಲರಿಗೂ ಬೇಕು. ಅದಕ್ಕೆ ಪಕ್ಕಪಕ್ಕದಲ್ಲಿ ನಿಂತ ಇಬ್ಬರು ಮೊದಲೇ ಮಾತಾಡಿಕೊಂಡು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀರು ಹಾಕಿಕೊಳ್ಳಬೇಕು. ನೀನು ಇಲ್ಲಿ ಉಸಿರು ತಗೋ, ನಾನು ಅಲ್ಲಿ ತಗೊಳ್ತೀನಿ. ಒಬ್ಬರು ನಿಂತಾಗ ಇನ್ನೊಬ್ಬರು ನಡೆಯುತ್ತಿರಬೇಕು. ಹಿಂದಿನ ಸಾಲಿನ ಬಸ್ ಡ್ರೈವರಣ್ಣ ನನಗೆ ಇದನ್ನು ವಿವರಿಸಿದ್ದು ಹೀಗೆ: "ಕಂಡಲ್ಲೆಲ್ಲ ಬ್ರೇಕ್ ಹಾಕಬಾರದಮ್ಮಾ, ಹಿಂದಿನೋರು ಬಂದು ಗುದ್ದುತ್ತಾರೆ."

ಮಗಳು ಪ್ರಶ್ನೆ ಕೇಳಿದ ಮುಂದಿನ ವಾರ ಮೇಷ್ಟ್ರು ತಗ್ಗು ದನಿಯವರನ್ನು ಇಬ್ಬಿಬ್ಬರಾಗಿ ಹಾಡಿಸಿದರು. ತಿಂಗಳ ಕೊನೆಗೆ ಮಕ್ಕಳ ಆಸ್ಪತ್ರೆಯಲ್ಲಿ ಹಾಡುವುದಿತ್ತು. ಅದಕ್ಕೆ ಆರಿಸಿದ ಮೂರರಲ್ಲಿ ಮೊದಲು ಹಾಡಿಸಿದ್ದು ಅವರೇ ಹಿಂದೆ ಕಟ್ಟಿದ್ದ ಹಳೆಯ ಹಾಡು. "ಬೆಟ್ಟದ ಬೆನ್ನಿಗೆ ಬಿಸಿಲು ಬಿದ್ದಿದೆ" ಎಂದು ಚಿಕ್ಕಮ್ಮ ಎತ್ತಿಕೊಂಡರೆ ಕಿವಿಗೆ ಬೆಚ್ಚಗಾಗುತ್ತದೆ, ಅಂಥ ದನಿ. "ಬಾಗಿಲು ತೆರೆದು ಬಾ ಹೊರಗೆ" ಎಂಬಲ್ಲಿಗೆ ಬಂದಾಗ ಹೆದರಿಕೆಗೆ ನನ್ನ ದನಿ ಹೊರಡಲಿಲ್ಲ. ಅವರ ದನಿಯೂ ಇರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಮುಂದಿನ ಸಾಲಿಗೆ ಚಿಕ್ಕಮ್ಮ ಕರಾರುವಾಕ್ಕಾಗಿ ಮತ್ತೆ ಬಂದರು.

"ಏನಮ್ಮಾ, ಸಾಲು ಮರೆತುಹೋಯ್ತಾ?" ಮೇಷ್ಟ್ರು ಕೇಳಿದರು.

"ಉಸಿರು ಮೇಷ್ಟ್ರೇ."

"ಉಸಿರಿಗೆ ಅರ್ಧ ಸಾಲು ಬೇಕಾ? ಅಷ್ಟರಲ್ಲಿ ನಾನು ಒಂದು ಲೋಟ ಕಾಫಿ ಕುಡಿದು ಬರ್ತೀನಿ."

ಎಲ್ಲರೂ ನಕ್ಕರು. ಇನ್ನೆರಡು ಹಾಡಿನಲ್ಲೂ ಹಾಗೇ ಆದಾಗ ಯಾರೂ ನಗಲಿಲ್ಲ. ಅಭ್ಯಾಸ ಮುಗಿದ ಮೇಲೆ ಮೇಷ್ಟ್ರು ಚಿಕ್ಕಮ್ಮನನ್ನು ಕಿಟಕಿಯ ಬಳಿ ಕರೆದರು. ನಾನು ಮಗಳ ಚಪ್ಪಲಿ ಹುಡುಕುತ್ತ ಅಲ್ಲೇ ಬಗ್ಗಿದ್ದೆ. "ನೀವಿರೋದೇ ಐದು ಜನ. ತೂತು ಕಾಣುತ್ತೆ. ಬರೋ ಗುರುವಾರದೊಳಗೆ ತುಂಬಿಸ್ಕೊಳ್ಳಿ. ಆಗದಿದ್ರೆ ಈ ಸಲ ಕೂತು ಕೇಳಿ, ತಪ್ಪು ತಿಳ್ಕೋಬೇಡಿ."

"ಇಲ್ಲ ಮೇಷ್ಟ್ರೇ. ಈ ಒಂದು ಬಿಟ್ರೆ ನನಗೆ ಹೊರಗೆ ಹೋಗೋಕೆ ಬೇರೆ ಜಾಗ ಇಲ್ಲ" ಎಂದರು ಚಿಕ್ಕಮ್ಮ. ಅಷ್ಟು ನೇರವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಅಂಗಡಿಗೆ ಹೋದೆ. ಚಿಕ್ಕಮ್ಮ ಮೇಜಿನ ಮೇಲೆ ಎರಡು ಫೈಲು ಬಿಡಿಸಿಟ್ಟಿದ್ದರು. ಒಂದು ಅವರದು, ಒಂದು ಅಕ್ಕನದು. ಎರಡರಲ್ಲೂ ಗೀರು ಹಾಕಿದ್ದು ದೊಡ್ಡಮ್ಮನೇ, ಚೀಟಿ ಬರೆಯುವ ಅದೇ ಒತ್ತಿದ ಪೆನ್ಸಿಲಿನಿಂದ.

"ಚಿಕ್ಕಂದಿನಲ್ಲಿ ನನಗೆ ಎದೆ ಕಟ್ತಿತ್ತು ಕಣೇ" ಎಂದರು. "ಹಾಡಿಗೆ ಸೇರಿದ ಹೊಸದ್ರಲ್ಲಿ ಅಕ್ಕ, ನೀನು ಇಲ್ಲಿ ನಿಲ್ಲು, ನಾನು ಎಳೀತೀನಿ ಅಂದ್ಲು. ಮೊದಲು ಎರಡು ಪದ. ಆಮೇಲೆ ಅರ್ಧ ಸಾಲು. ನನಗೆ ಎದೆ ಕಟ್ಟೋದು ಯಾವತ್ತೋ ನಿಂತುಹೋಯ್ತು, ಗೀರು ಮಾತ್ರ ಹಾಗೇ ಉಳ್ಕೊಳ್ತು. ಹತ್ತೊಂಬತ್ತು ವರ್ಷ ಇಬ್ಬರೂ ಸೇರಿ ಒಬ್ಬರ ಹಾಡು ಹಾಡಿದೀವಿ. ಯಾರಿಗೂ ಗೊತ್ತಾಗಲಿಲ್ಲ. ನಮಗೇ ಗೊತ್ತಾಗಲಿಲ್ಲ ಅನ್ನು. ಆ ಸಾಲುಗಳನ್ನ ನಾನು ಒಂದ್ಸಲನೂ ಹಾಡಿಲ್ಲ."

ನನ್ನ ಕಣ್ಣು ತುಂಬಿತು. ಆದರೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಇಳಿಯುವುದೇ ನನಗೆ ಗೊತ್ತಿರುವುದು. "ಅಷ್ಟೇ ತಾನೆ? ಆರು ದಿನ ಇದೆ. ನಾನು ಹೇಳಿಕೊಡ್ತೀನಿ" ಎಂದೆ.

"ನೀನಾ? ಮೂರು ತಿಂಗಳಾಯ್ತು, ಇನ್ನೂ ಎರಡನೇ ಹಾಡಲ್ಲಿ ಮೇಲಿನ ದನಿಯೋರ ಹಿಂದೆ ಓಡಿಹೋಗ್ತೀಯ."

"ಓಡಿಹೋದ್ರೂ ಪೂರ್ತಿ ಸಾಲು ಹಾಡ್ತೀನಲ್ಲ!"

ಅವರು ನಕ್ಕರು. ಅಕ್ಕ ಹೋದ ಮೇಲೆ ಅವರ ಹಲ್ಲು ಕಂಡದ್ದು ಅದೇ ಮೊದಲು ಎಂದು ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ.

ಅಂದಿನಿಂದ ದಿನವೂ ಮಗಳನ್ನು ಶಾಲೆಗೆ ಬಿಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಆ ಅರ್ಧ ಸಾಲುಗಳನ್ನು ನಾನು ಹಾಡುವುದು, ಅವರು ಮಷೀನು ನಿಲ್ಲಿಸಿ ಕೇಳುವುದು, ಮತ್ತೆ ನಾನು ಹಾಡುವುದು. ಸಂಜೆ ಬಂದಾಗ ಮಗಳೂ ಗುಂಡಿಗಳ ಡಬ್ಬಿ ಮುಂದಿಟ್ಟುಕೊಂಡು ಜೊತೆಗೆ ಕಿರುಚುತ್ತಿದ್ದಳು. ಒಂದೊಂದು ಸಾಲನ್ನು ದಿನಕ್ಕೆ ಇಪ್ಪತ್ತು ಸಲ ಹಾಡಿದ್ದೇನೆ. ಮೇಲಿನ ಮನೆಯ ಯಜಮಾನರು ಇಣುಕಿ, "ಬಾಗಿಲು ತೆರೆದೇ ಇದೆ ತಾಯೀ, ಇನ್ನೆಷ್ಟು ಸಲ ಕರೀತೀರಿ?" ಎಂದು ಕೇಳಿ ಹೋದರು. ಮಂಗಳವಾರದ ಹೊತ್ತಿಗೆ ಚಿಕ್ಕಮ್ಮ ಹಾಳೆ ನೋಡದೆ ಎಲ್ಲವನ್ನೂ ಗುನುಗುತ್ತಿದ್ದರು.

ಗುರುವಾರ ಮೇಷ್ಟ್ರು ಮತ್ತೆ ನಮ್ಮಿಬ್ಬರನ್ನೇ ಹಾಡಿಸಿದರು. ಮೊದಲ ಎರಡು ಹಾಡು ಅವರ ದನಿ ಎಲ್ಲೂ ನಿಲ್ಲದೆ ಹರಿಯಿತು. ಮೂರನೆಯದು ಬೆಟ್ಟದ ಹಾಡು. ಬಿಸಿಲು ಬಿದ್ದಿದೆ ಎಂದು ಮುಗಿಯುತ್ತಲೇ ಪಕ್ಕದ ಭುಜ ಬಿಗಿಯಾದದ್ದು ನನಗೆ ತಿಳಿಯಿತು. ಅವರು ನಿಲ್ಲುತ್ತಾರೆ ಎಂದು ಗೊತ್ತಾಯಿತು. ನಾನು ಯೋಚಿಸಲಿಲ್ಲ. ಹೊಟ್ಟೆಯಿಂದ ದನಿ ತೆಗೆದು, ಆದಷ್ಟು ಅವರ ಹಾಗೇ ದಪ್ಪ ಮಾಡಿ, ಬಾಗಿಲು ತೆರೆದು ಬಾ ಹೊರಗೆ ಎಂದು ಇಬ್ಬರ ಪಾಲನ್ನೂ ನಾನೇ ಹಾಡಿಬಿಟ್ಟೆ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. "ಭೇಷ್! ತೂತು ಮುಚ್ಚಿತು. ಇಬ್ಬರೂ ಬನ್ನಿ ಆಸ್ಪತ್ರೆಗೆ."

ಗೆದ್ದೆ ಎಂದುಕೊಂಡು ತಿರುಗಿದೆ. ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದರು, ತುಂಬಾ ದಿನ ಬಾಗಿಲ ಬಳಿ ಕಾದವರು ಬಂದದ್ದು ಬೇರೆ ಯಾರೋ ಎಂದು ಕಂಡಾಗ ನೋಡುವಂತೆ. ಅಭ್ಯಾಸ ಮುಗಿದಾಗ ನಮಗಾಗಿ ಕಾಯದೆ ಮೆಟ್ಟಿಲಿಳಿದು ಹೋಗಿಬಿಟ್ಟರು. "ಚಿಕ್ಕಮ್ಮ ಟಾಟಾ ಮಾಡಲೇ ಇಲ್ಲ" ಎಂದು ದಾರಿಯುದ್ದಕ್ಕೂ ಮಗಳದು ಒಂದೇ ರಾಗ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಷಟರು ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದೆ. ಅವರು ಯಾರದೋ ಕೋಟಿನ ಒಳಪದರ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಕೋಪನಾ ಚಿಕ್ಕಮ್ಮಾ? ಮೇಷ್ಟ್ರಿಗೆ ಸುಳ್ಳು ಹೇಳಿದ ಹಾಗಾಯ್ತು, ಗೊತ್ತು. ನಿಮ್ಮನ್ನ ಬಿಟ್ಟುಬಿಡ್ತಾರೆ ಅಂತ ಹೆದರಿಕೆ ಆಯ್ತು."

"ಕೋಪ ಅಲ್ಲ. ಕೂತ್ಕೋ." ಒಂದು ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಎತ್ತಿ ಕತ್ತರಿಸಿದರು. "ಸಾಲು ಬರದೆ ನಿಲ್ಲಿಸಿದ್ದಲ್ಲ ಕಣೇ. ಬರ್ತಿತ್ತು. ಬೇಕಂತಲೇ ನಿಲ್ಲಿಸಿದೆ. ನಾನು ನಿಲ್ಲಿಸಿದ್ರೆ ಅಲ್ಲಿ ಅಕ್ಕ ಕೇಳಿಸ್ತಿದ್ಲು. ಮನೇಲಿ ಕೇಳಿಸಲ್ಲ, ಅಂಗಡೀಲಿ ಕೇಳಿಸಲ್ಲ, ಫೋಟೊ ಎದುರಿಗೆ ಕೂತ್ರೂ ಕೇಳಿಸಲ್ಲ. ಅಲ್ಲಿ ನಿಂತು ಆ ಜಾಗದಲ್ಲಿ ಸುಮ್ಮನಾದ್ರೆ ಮಾತ್ರ, ಎಡಗಡೆಯಿಂದ, ಇದ್ದ ಹಾಗೇ ಬರ್ತಿದ್ಲು. ಅದಕ್ಕೇ ವಾರವಾರ ಬರ್ತಿದ್ದೆ. ಬೇರೆ ಹಾಡುಗಳು ಹೋದ್ರೆ ಹೋಗ್ಲಿ, ಇದೊಂದು ಹಾಡಲ್ಲಿ ಇಟ್ಕೊಳ್ಳೋಣ ಅಂತಿದ್ದೆ."

ಕತ್ತರಿಸಿದ ದಾರವನ್ನು ಎಳೆದು ತೆಗೆದರು.

"ನೆನ್ನೆ ನೀನು ಜೋರಾಗಿ ಹಾಡಿದೆ. ಮನೆಗೆ ಬಂದು ಮತ್ತೆ ಪ್ರಯತ್ನ ಪಟ್ಟೆ. ಬಿಸಿಲು ಬಿದ್ದಿದೆ ಅಂತ ಹಾಡಿ ನಿಲ್ಲಿಸಿದೆ. ನಿನ್ನ ದನಿ ಬಂತು. ಹತ್ತು ಸಲ ಹಾಡಿದೆ. ಹತ್ತು ಸಲನೂ ನೀನೇ. ಅವಳು ಹೇಗೆ ಎಳೀತಿದ್ಲು ಅಂತ ಈಗ ನೆನಪು ಮಾಡ್ಕೊಂಡ್ರೂ ಬರ್ತಿಲ್ಲ."

ಆ ಸ್ಟೂಲಿನ ಮೇಲೆ ಕೂತು ದಿನಕ್ಕೆ ಇಪ್ಪತ್ತು ಸಲ ನಾನು ಮಾಡಿದ್ದೇನೆಂದು ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ಕಣ್ಣೊರೆಸಿಕೊಂಡೆ. ಒಡೆದದ್ದನ್ನು ಅಂಟಿಸಬಹುದು, ಕಳೆದದ್ದನ್ನು ಹುಡುಕಬಹುದು. ಇದಕ್ಕೆ ಏನು ಮಾಡುವುದು? ನನ್ನ ಕೈಯಲ್ಲಿದ್ದ ಕೆಲಸಗಳೆಲ್ಲ ಮುಗಿದುಹೋಗಿದ್ದವು.

"ಅಳ್ಬೇಡ. ನೀನು ಒಳ್ಳೇದಕ್ಕೇ ಮಾಡಿದ್ದು" ಎಂದು ಅವರು ಕೋಟನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಫೋನು ಎತ್ತಿದ್ರೆ ನಮ್ಮಿಬ್ಬರಲ್ಲಿ ಯಾರು ಅಂತ ಗಿರಾಕಿಗಳಿಗೆ ಗೊತ್ತಾಗ್ತಿರಲಿಲ್ಲ. ಅಷ್ಟು ಒಂದೇ ಥರ. ಅವಳ ಸಾಲು ನನ್ನ ಬಾಯಲ್ಲೇ ಹಾಡ್ಕೊಂಡ್ರೆ, ಎಲ್ಲೋ ಒಂದು ಕಡೆ ಅವಳ ಹಾಗೆ ಕೇಳಿಸಿದ್ರೂ ಕೇಳಿಸಬಹುದು. ಮೇಷ್ಟ್ರ ಹತ್ರ ಹೋಗಿ ನೆನ್ನೆ ಹಾಡಿದ್ದು ನಾನಲ್ಲ ಅಂತ ಹೇಳ್ತೀನಿ. ಇನ್ನೊಂದ್ಸಲ ಒಬ್ಬಳನ್ನೇ ಹಾಡಿಸಿ ನೋಡಲಿ. ಬೇಡ ಅಂದ್ರೆ ಕೂತ್ಕೊಳ್ತೀನಿ."

"ನಾನೂ ಬರ್ತೀನಿ, ಮೇಷ್ಟ್ರಿಗೆ ನಾನೇ ಹೇಳ್ತೀನಿ."

"ಬೇಡ. ನಿನ್ನಿಂದ ಬೇರೆ ಒಂದು ಉಪಕಾರ ಆಗ್ಬೇಕು."

"ಹೇಳಿ ಚಿಕ್ಕಮ್ಮಾ, ಏನಾದ್ರೂ ಮಾಡ್ತೀನಿ."

ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು.

"ಇನ್ಮೇಲೆ ನನ್ನ ಪಕ್ಕ ನಿಂತ್ಕೋಬೇಡ ಕಣೇ. ಆ ಕೊನೇಲಿ, ನರ್ಸಮ್ಮನ ಆಚೆ ಹೋಗಿ ನಿಂತ್ಕೋ. ನಿನ್ನ ದನಿ ನನಗೆ ಕೇಳಿಸದಷ್ಟು ದೂರ. ಬೇಜಾರು ಮಾಡ್ಕೋಬೇಡ, ಇಷ್ಟು ಮಾಡ್ತೀಯಾ?"